ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ ನೈಟ್ ಗಾರ್ಡ್: ಆರಿಸುವ ಮುನ್ನ ಮತ್ತು ಆರಿಸಿದ ಮೇಲೆ

ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ ತಾವು ಹಾಗೆ ಮಾಡುತ್ತಿರುವುದು ಬಹುಮಟ್ಟಿಗೆ ಗೊತ್ತಿರುವುದಿಲ್ಲ. ಪಕ್ಕದಲ್ಲಿ ಮಲಗಿದವರು ಕರಕರ ಸದ್ದು ಕೇಳಿ ಹೇಳಬೇಕು. ಇಲ್ಲವೇ ಬೆಳಿಗ್ಗೆ ಏಳುವಾಗ ಕೆನ್ನೆ ಬಿಗಿದುಕೊಂಡಿರುವುದು, ಕಿವಿಯ ಮುಂದೆ ಮತ್ತು ಹಣೆಯ ಎರಡು ಬದಿಗಳಲ್ಲಿ ನೋವಿರುವುದು, ತಣ್ಣೀರು ತಾಗಿದರೆ ಹಲ್ಲು ಜುಮ್ಮೆನ್ನುವುದು, ನಾಲಿಗೆಯ ಅಂಚಿನಲ್ಲಿ ಹಲ್ಲಿನ ಅಚ್ಚು ಮೂಡಿರುವುದು ಮುಂತಾದ ಕುರುಹುಗಳಿಂದ ಊಹಿಸಬೇಕು. ಸದ್ದೇ ಇಲ್ಲದೆ ಹಲ್ಲನ್ನು ಗಟ್ಟಿಯಾಗಿ ಕಚ್ಚಿ ಹಿಡಿಯುವವರೂ ಇದ್ದಾರೆ. ಅವರಲ್ಲಿ ಹಲ್ಲಿನ ಸವೆತಕ್ಕಿಂತ ಸ್ನಾಯುವಿನ ನೋವೇ ಮುಂದಾಗಿ ಕಾಣಿಸಬಹುದು. ಇವರೆಲ್ಲರಿಗೂ ನೈಟ್ ಗಾರ್ಡ್ (ರಾತ್ರಿ ಹಲ್ಲಿನ ಸಾಲಿನ ಮೇಲೆ ಹಾಕಿಕೊಳ್ಳುವ ಪ್ಲಾಸ್ಟಿಕ್ ಕವಚ) ಎಂಬ ಒಂದೇ ಹೆಸರಿನಡಿ ಕೆಲವು ನೂರು ರೂಪಾಯಿಯ ಆನ್‌ಲೈನ್ ಸರಕಿನಿಂದ ಹಿಡಿದು ಹಲವು ಸಾವಿರ ರೂಪಾಯಿ ಕೊಟ್ಟು ಲ್ಯಾಬಿನಲ್ಲಿ ಮಾಡಿಸುವ ಸಾಧನದವರೆಗೆ ಅನೇಕ ಬಗೆಗಳು ಸಿಗುತ್ತವೆ. ಆಯ್ಕೆ ಬೆಲೆಯಿಂದ ಶುರುವಾಗಬಾರದು, ನಿಮ್ಮ ದವಡೆಯ ಪರೀಕ್ಷೆಯಿಂದ ಶುರುವಾಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಗಾರ್ಡಿನಿಂದ ಏನನ್ನು ನಿರೀಕ್ಷಿಸಬಹುದು ಎಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳೋಣ. ಮೇಲಿನ ಮತ್ತು ಕೆಳಗಿನ ಹಲ್ಲುಗಳ ಜೋಡಣೆ ಸರಿಯಿಲ್ಲದಿರುವುದೇ ಹಲ್ಲು ಕಡಿಯಲು ಕಾರಣ ಎಂದು ಹಿಂದೆ ನಂಬಲಾಗಿತ್ತು. ಈಗಿನ ತಿಳಿವಳಿಕೆಯ ಪ್ರಕಾರ ಇದು ಮುಖ್ಯವಾಗಿ ಮಿದುಳಿನಿಂದ ಹೊರಡುವ ಚಟುವಟಿಕೆ: ಹಗುರ ನಿದ್ದೆಯಲ್ಲಿ ಕೆಲವೇ ಸೆಕೆಂಡುಗಳ ಮಟ್ಟಿಗೆ ಎಚ್ಚರದತ್ತ ಸರಿಯುವಾಗ ಎದೆಬಡಿತ ಏರುತ್ತದೆ, ಅದರ ಬೆನ್ನಿಗೇ ದವಡೆಯ ಸ್ನಾಯುಗಳು ಲಯಬದ್ಧವಾಗಿ ಬಿಗಿಯುತ್ತವೆ. ಹಲ್ಲುಗಳ ನಡುವೆ ಇಟ್ಟ ಪ್ಲಾಸ್ಟಿಕ್ಕು ಈ ಚಟುವಟಿಕೆಯನ್ನು ನಿಲ್ಲಿಸಲಾರದು. ಅದು ಹಲ್ಲಿನ ಬದಲು ತಾನು ಸವೆಯುತ್ತದೆ, ಒತ್ತಡವನ್ನು ಎಲ್ಲ ಹಲ್ಲುಗಳಿಗೂ ಹಂಚುತ್ತದೆ, ಕೆಲವರಲ್ಲಿ ದವಡೆಯ ನೋವನ್ನೂ ತಗ್ಗಿಸುತ್ತದೆ. ‘ಹಲ್ಲು ಕಡಿಯುವುದನ್ನು ಶಾಶ್ವತವಾಗಿ ನಿಲ್ಲಿಸುತ್ತದೆ’ ಎಂದು ಪೊಟ್ಟಣದ ಮೇಲೆ ಬರೆದಿದ್ದರೆ ಆ ಮಾತನ್ನು ನಂಬಬೇಡಿ.

ದಂತವೈದ್ಯರಲ್ಲಿಗೆ ಹೋಗುವ ಮುನ್ನ ಮನೆಯಲ್ಲೇ ಕೆಲವನ್ನು ಗಮನಿಸಿಕೊಳ್ಳಬಹುದು. ಎರಡೂ ಕೆನ್ನೆಗಳ ಮೇಲೆ ಬೆರಳಿಟ್ಟು ಹಲ್ಲು ಕಚ್ಚಿದಾಗ ಉಬ್ಬುವ ಸ್ನಾಯುವನ್ನು ಮೆಲ್ಲನೆ ಒತ್ತಿ, ಒಂದು ಬದಿ ಹೆಚ್ಚು ನೋಯುತ್ತದೆಯೇ ನೋಡಿ. ಬಾಯಿ ತೆರೆದಾಗ ನಿಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದರಂತೆ ಮುಂದಿನ ಹಲ್ಲುಗಳ ನಡುವೆ ಇಡಲು ಆಗುತ್ತದೆಯೇ, ತೆರೆಯುವಾಗ ಕಿವಿಯ ಬಳಿ ‘ಟಕ್’ ಎನ್ನುತ್ತದೆಯೇ, ದವಡೆ ಒಂದು ಕಡೆಗೆ ವಾಲುತ್ತದೆಯೇ ಎಂಬುದನ್ನೂ ಪರೀಕ್ಷಿಸಿಕೊಳ್ಳಿ. ನೋವಿಲ್ಲದ ‘ಟಕ್’ ಸದ್ದು ಬಹಳ ಜನರಲ್ಲಿ ಇರುತ್ತದೆ, ಅದಕ್ಕೆ ಗಾಬರಿ ಬೇಡ. ಆದರೆ ಬಾಯಿ ಪೂರ್ತಿ ತೆರೆಯಲಾಗದಿದ್ದರೆ ಅಥವಾ ದವಡೆ ಸಿಕ್ಕಿಕೊಳ್ಳುತ್ತಿದ್ದರೆ ಗಾರ್ಡ್ ಕೊಳ್ಳುವುದಕ್ಕಿಂತ ಮೊದಲು ದವಡೆ ಕೀಲಿನ ತಪಾಸಣೆ ಆಗಲೇಬೇಕು.

ಇನ್ನೂ ಎರಡು ಸಂಗತಿಗಳನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಮೊದಲನೆಯದು ಔಷಧಿ: ಖಿನ್ನತೆ ಮತ್ತು ಆತಂಕಕ್ಕೆ ಕೊಡುವ ಫ್ಲೂಆಕ್ಸೆಟೀನ್, ಸರ್ಟ್ರಾಲೀನ್‌ನಂಥ ಮಾತ್ರೆಗಳು ಕೆಲವರಲ್ಲಿ ಹಲ್ಲು ಕಡಿಯುವುದನ್ನು ಹುಟ್ಟಿಸಬಲ್ಲವು. ಹಾಗೆಂದು ಮಾತ್ರೆಯನ್ನು ನೀವೇ ನಿಲ್ಲಿಸಬಾರದು. ಬರೆದುಕೊಟ್ಟ ವೈದ್ಯರೊಂದಿಗೆ ಮಾತಾಡಬೇಕು. ಎರಡನೆಯದು ಗೊರಕೆ. ಜೋರಾಗಿ ಗೊರಕೆ ಹೊಡೆಯುವವರು, ನಿದ್ದೆಯ ನಡುವೆ ಉಸಿರು ನಿಂತು ಬೆಚ್ಚಿ ಏಳುವವರು, ರಾತ್ರಿಯಿಡೀ ಮಲಗಿದರೂ ಹಗಲಲ್ಲಿ ತೂಕಡಿಸುವವರು ಮೊದಲು ನಿದ್ರಾ ಉಸಿರುಗಟ್ಟುವಿಕೆಯ ಪರೀಕ್ಷೆ ಮಾಡಿಸಿಕೊಳ್ಳಬೇಕು. ಮೇಲಿನ ಹಲ್ಲಿಗೆ ಹಾಕುವ ಸಾಮಾನ್ಯ ಗಾರ್ಡ್ ಇಂಥ ಕೆಲವರಲ್ಲಿ ಉಸಿರಾಟದ ತೊಂದರೆಯನ್ನು ಹೆಚ್ಚಿಸಬಹುದೆಂದು 2004ರಲ್ಲಿ ಪ್ರಕಟವಾದ ಒಂದು ಚಿಕ್ಕ ಅಧ್ಯಯನ ತೋರಿಸಿತ್ತು. ಅವರಿಗೆ ಕೆಳದವಡೆಯನ್ನು ತುಸು ಮುಂದಕ್ಕೆ ಹಿಡಿದಿಡುವ ಬೇರೆಯದೇ ಸಾಧನ ಅಥವಾ ಮುಖವಾಡದ ಮೂಲಕ ಒತ್ತಡದ ಗಾಳಿ ಕೊಟ್ಟು ಉಸಿರಿನ ದಾರಿಯನ್ನು ತೆರೆದಿಡುವ ಸಿಪ್ಯಾಪ್ ಯಂತ್ರ ಬೇಕಾಗಬಹುದು. ಹಲ್ಲಿನ ಸವೆತ ನಿಧಾನವಾಗಿ ಆಗುವಂಥದ್ದು, ಉಸಿರಿನ ವಿಷಯ ಕಾಯುವಂಥದ್ದಲ್ಲ.

ಇನ್ನು ಬಗೆಗಳ ವಿಚಾರ. ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಕಚ್ಚಿ ಅಚ್ಚು ತೆಗೆದುಕೊಳ್ಳುವ ಗಾರ್ಡ್ ಅಗ್ಗ ಮತ್ತು ತಕ್ಷಣ ಸಿಗುತ್ತದೆ. ಹೆಚ್ಚಾಗಿ ದಪ್ಪವಾಗಿರುತ್ತದೆ, ಸಡಿಲವಾಗುತ್ತದೆ, ಬೇಗ ಹರಿಯುತ್ತದೆ. ಲ್ಯಾಬಿನಿಂದ ಗಾರ್ಡ್ ಬರುವವರೆಗೆ ಕೆಲವು ದಿನ ಹಲ್ಲನ್ನು ಕಾಪಾಡಲು ಅದು ಸಾಕು, ವರ್ಷಗಟ್ಟಲೆ ಬಳಸಲು ತಕ್ಕದ್ದಲ್ಲ. ಹಲ್ಲಿಗೆ ತಂತಿ ಕಟ್ಟಿಸಿಕೊಂಡವರು ಇದನ್ನು ಮುಟ್ಟಲೇಬಾರದು.

ದಂತವೈದ್ಯರು ಅಳತೆ ತೆಗೆದು ಮಾಡಿಸುವ ಮೆತ್ತನೆಯ ಗಾರ್ಡ್ ಬಾಯಿಗೆ ಹಿತವಾಗಿರುತ್ತದೆ, ಅಭ್ಯಾಸವೂ ಬೇಗ ಆಗುತ್ತದೆ. ಆದರೆ ಮೆತ್ತಗಿರುವ ವಸ್ತು ಸಿಕ್ಕರೆ ಅಗಿಯುವ ಬಯಕೆ ಕೆಲವು ದವಡೆಗಳಿಗೆ ಹೆಚ್ಚುತ್ತದೆ. ಅಮೆರಿಕದ ದಂತವೈದ್ಯ ಜೆಫ್ರಿ ಓಕಸನ್ 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 10 ಜನರನ್ನು ಗಮನಿಸಿದಾಗ, ಗಟ್ಟಿ ಸ್ಪ್ಲಿಂಟ್ (ಗಾರ್ಡಿಗೆ ದಂತವೈದ್ಯರು ಬಳಸುವ ಇನ್ನೊಂದು ಹೆಸರು) ಹಾಕಿದಾಗ 8 ಮಂದಿಯಲ್ಲಿ ರಾತ್ರಿಯ ಸ್ನಾಯು ಚಟುವಟಿಕೆ ಇಳಿಯಿತು, ಮೆತ್ತನೆಯದನ್ನು ಹಾಕಿದಾಗ 5 ಮಂದಿಯಲ್ಲಿ ಏರಿತು. ಹತ್ತು ಜನರ ಅಧ್ಯಯನದಿಂದ ಎಲ್ಲರಿಗೂ ಅನ್ವಯಿಸುವ ನಿಯಮ ಹುಟ್ಟುವುದಿಲ್ಲ. ಆದರೂ ಮೆತ್ತನೆಯ ಗಾರ್ಡ್ ಹಾಕಿದ ಮೇಲೆ ಬೆಳಗಿನ ಕೆನ್ನೆನೋವು ಹೆಚ್ಚಾದರೆ ‘ಅಭ್ಯಾಸವಾಗಲಿ’ ಎಂದು ಸಹಿಸಿಕೊಂಡು ಕೂರಬೇಡಿ, ವೈದ್ಯರಿಗೆ ಹೇಳಿ.

ಕೋರೆಹಲ್ಲಿನ ತುದಿ ಚಪ್ಪಟೆಯಾಗಿರುವವರು, ಭರ್ತಿ ಮಾಡಿಸಿದ ಹಲ್ಲು ಪದೇ ಪದೇ ಒಡೆಯುವವರು, ಸೆರಾಮಿಕ್ ಕ್ಯಾಪ್ ಅಥವಾ ಇಂಪ್ಲಾಂಟ್ ಹಾಕಿಸಿಕೊಂಡವರು ಸಾಮಾನ್ಯವಾಗಿ ಗಟ್ಟಿ ಅಕ್ರಿಲಿಕ್ಕಿನ, ಇಡೀ ಹಲ್ಲಿನ ಸಾಲನ್ನು ಮುಚ್ಚುವ ಸ್ಪ್ಲಿಂಟನ್ನೇ ಕೇಳಿ ಮಾಡಿಸಿಕೊಳ್ಳುವುದು ಒಳ್ಳೆಯದು. ಒಳಪದರ ಮೆತ್ತಗೆ, ಹೊರಪದರ ಗಟ್ಟಿಯಾಗಿರುವ ಎರಡು ಪದರದ ಗಾರ್ಡ್ ಕೂಡ ಇದೆ; ಗಟ್ಟಿಯದರ ಬಿಗಿತ ತಡೆಯಲಾಗದವರಿಗೆ ಅದು ಹೊಂದುತ್ತದೆ. ಮುಂದಿನ ಕೆಲವೇ ಹಲ್ಲುಗಳನ್ನು ಮುಚ್ಚುವ ಪುಟ್ಟ ಸಾಧನವನ್ನು ಮಾತ್ರ ಸ್ವಂತ ನಿರ್ಧಾರದಿಂದ ಎಂದೂ ಬಳಸಬೇಡಿ: ಹಿಂದಿನ ಹಲ್ಲುಗಳಿಗೆ ಆಧಾರವಿಲ್ಲದೆ ಕಾಲಕ್ರಮದಲ್ಲಿ ಅವು ಮೇಲೇಳಬಹುದು, ಮುಂದಿನ ಹಲ್ಲುಗಳು ಪರಸ್ಪರ ತಾಗದಂತಾಗಬಹುದು, ಚಿಕ್ಕದಾದ್ದರಿಂದ ನಿದ್ದೆಯಲ್ಲಿ ಗಂಟಲಿಗೆ ಜಾರುವ ಅಪಾಯವೂ ಇದೆ.

ಮೇಲಿನ ಸಾಲಿಗೋ ಕೆಳಗಿನ ಸಾಲಿಗೋ ಎಂಬುದು ಯಾವ ಸಾಲಿನಲ್ಲಿ ಹಲ್ಲುಗಳು ಉದುರಿವೆ, ವಾಕರಿಕೆ ಬೇಗ ಬರುತ್ತದೆಯೇ ಎಂಬುದರ ಮೇಲೆ ನಿಂತಿದೆ. ಹುಳುಕು, ಒಸಡಿನ ಊತ, ಅಲುಗುವ ಹಲ್ಲು ಇದ್ದರೆ ಅವುಗಳ ಚಿಕಿತ್ಸೆ ಮುಗಿಸಿಯೇ ಅಳತೆ ಕೊಡಬೇಕು. ಅಳತೆ ಕೊಟ್ಟ ಮೇಲೆ ಕ್ಯಾಪ್ ಹಾಕಿಸಿಕೊಂಡರೆ ಗಾರ್ಡ್ ಕೂರುವುದಿಲ್ಲ.

ಲ್ಯಾಬಿನಿಂದ ಬಂದ ಗಾರ್ಡನ್ನು ಕವರಿನಲ್ಲಿ ತೆಗೆದುಕೊಂಡು ಮನೆಗೆ ಹೋಗುವುದು ಸರಿಯಲ್ಲ. ಕುರ್ಚಿಯಲ್ಲಿ ಕೂತು ಹಾಕಿಸಿಕೊಳ್ಳಿ. ವೈದ್ಯರು ಬಣ್ಣದ ಕಾಗದ ಕಚ್ಚಿಸಿ, ಎಡಬಲದ ಹಿಂದಿನ ಹಲ್ಲುಗಳೆಲ್ಲ ಒಂದೇ ಹೊತ್ತಿಗೆ ಸಮವಾಗಿ ತಾಗುವಂತೆ ಎತ್ತರದ ಜಾಗಗಳನ್ನು ಉಜ್ಜಿ ಸರಿಪಡಿಸಬೇಕು. ಗಾರ್ಡ್‌ನ ಬಹುಪಾಲು ಗುಣ ಇರುವುದು ಈ ಹಂತದಲ್ಲಿ ಎಂದರೂ ತಪ್ಪಿಲ್ಲ. ಸರಿಯಾದ ಗಾರ್ಡ್ ಬೆರಳಿನಿಂದ ಒತ್ತಿದರೆ ಕೂರುತ್ತದೆ, ನಾಲಿಗೆಯಿಂದ ತಳ್ಳಿದರೆ ಏಳುವುದಿಲ್ಲ, ಒಂದು ಕಡೆ ಒತ್ತಿದಾಗ ಇನ್ನೊಂದು ಕಡೆ ಎತ್ತಿಕೊಳ್ಳುವುದಿಲ್ಲ, ಒಸಡನ್ನು ಚುಚ್ಚುವುದಿಲ್ಲ. ಎರಡು ಮೂರು ವಾರಗಳ ನಂತರ ಮತ್ತೊಮ್ಮೆ ಸರಿಪಡಿಸುವುದು ಕೊಟ್ಟ ಹಣದಲ್ಲೇ ಸೇರಿದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಖಾಸಗಿ ಚಿಕಿತ್ಸಾಲಯದ ವೆಚ್ಚ ಭಾರವೆನಿಸಿದರೆ ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಅಥವಾ ನಿಮ್ಮ ಊರಿಗೆ ಹತ್ತಿರದ ಬೇರೆ ದಂತ ಕಾಲೇಜಿನ ಕೃತಕ ದಂತ ವಿಭಾಗದಲ್ಲಿ ವಿಚಾರಿಸಬಹುದು.

ಮೊದಲ ಕೆಲವು ರಾತ್ರಿ ಜೊಲ್ಲು ಹೆಚ್ಚುವುದು, ಹಲ್ಲು ಬಿಗಿಯಾದಂತೆನಿಸುವುದು ಸಹಜ. ಬೆಳಿಗ್ಗೆ ತೆಗೆದ ಮೇಲೆ ಕೆಲವು ನಿಮಿಷ ಹಲ್ಲು ಸರಿಯಾಗಿ ಕೂಡುತ್ತಿಲ್ಲ ಎನಿಸಿದರೂ ಚಿಂತೆಯಿಲ್ಲ. ಆ ಭಾವನೆ ತಿಂಡಿಯ ಹೊತ್ತಿಗೂ ಹೋಗದಿದ್ದರೆ ಅಥವಾ ದಿನದಿಂದ ದಿನಕ್ಕೆ ಹೆಚ್ಚಾದರೆ ಗಾರ್ಡ್ ಬಳಸುವುದನ್ನು ನಿಲ್ಲಿಸಿ ವೈದ್ಯರನ್ನು ಕಾಣಿ. ತೆಗೆದ ಕೂಡಲೇ ತಣ್ಣೀರಿನಲ್ಲಿ ಮೆತ್ತನೆಯ ಬ್ರಶ್ಶಿನಿಂದ ತೊಳೆದು, ಒಣಗಿಸಿ, ಗಾಳಿಯಾಡುವ ಡಬ್ಬಿಯಲ್ಲಿಡಿ. ಟೂತ್‌ಪೇಸ್ಟ್ ಗೀರುಗಳನ್ನು ಮಾಡುತ್ತದೆ, ಬಿಸಿನೀರು ಆಕಾರ ಕೆಡಿಸುತ್ತದೆ, ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗಿನ ಶಾಖವೂ ಅಷ್ಟೇ ಹಾನಿಕರ.

ಮಕ್ಕಳ ಬಗ್ಗೆ ಒಂದು ಮಾತು. ಮಗು ಹಲ್ಲು ಕಡಿದರೆ ಹೊಟ್ಟೆಯಲ್ಲಿ ಜಂತುಹುಳುವಿದೆ ಎಂದು ನಮ್ಮ ಮನೆಗಳಲ್ಲಿ ಹೇಳುವುದುಂಟು. ಹಲ್ಲು ಕಡಿಯುವುದೊಂದೇ ಅದಕ್ಕೆ ಗುರುತಾಗಲಾರದು. ಮಕ್ಕಳಲ್ಲಿ ಇದು ದೊಡ್ಡವರಿಗಿಂತ ಹೆಚ್ಚು ಕಾಣುತ್ತದೆ, ಬೆಳೆದಂತೆ ಬಹುಪಾಲು ಕಡಿಮೆಯಾಗುತ್ತದೆ. ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುತ್ತಿರುವ, ದವಡೆ ಬೆಳೆಯುತ್ತಿರುವ ಬಾಯಿಗೆ ಅಂಗಡಿಯ ಗಾರ್ಡ್ ತಂದು ಹಾಕಬಾರದು. ಗೊರಕೆಯೂ ಇದ್ದರೆ ಮಕ್ಕಳ ವೈದ್ಯರಿಗೆ ತೋರಿಸಬೇಕು.

ಹಗಲಿನ ಕೆಲಸವನ್ನು ಗಾರ್ಡ್ ಮಾಡುವುದಿಲ್ಲ. ವಿಶ್ರಾಂತಿಯಲ್ಲಿರುವಾಗ ತುಟಿ ಕೂಡಿರಬೇಕು, ಹಲ್ಲುಗಳ ನಡುವೆ ಒಂದೆರಡು ಮಿಲಿಮೀಟರ್ ಅಂತರವಿರಬೇಕು. ಕಂಪ್ಯೂಟರಿನ ಮುಂದೆ ಅಥವಾ ಗಾಡಿ ಓಡಿಸುವಾಗ ಹಲ್ಲು ಕಚ್ಚಿಕೊಂಡಿದ್ದೀರಾ ಎಂದು ಆಗಾಗ ಗಮನಿಸಿ ಬಿಡಿಸಿಕೊಳ್ಳಿ. ಸಂಜೆಯ ನಂತರ ಕಾಫಿ, ಮದ್ಯ, ತಂಬಾಕನ್ನು ದೂರವಿಡುವುದೂ ನೆರವಾಗುತ್ತದೆ. ಮುಂದಿನ ತಪಾಸಣೆಗಳಿಗೆ ಹೋಗುವಾಗಲೆಲ್ಲ ಗಾರ್ಡನ್ನೂ ಜೊತೆಗೆ ಒಯ್ಯಿರಿ: ಅದರ ಮೇಲಿನ ಉಜ್ಜಿದ ಗುರುತುಗಳನ್ನು ನೋಡಿ ದವಡೆ ಯಾವ ಕಡೆ ಹೆಚ್ಚು ಎಳೆಯುತ್ತಿದೆ ಎಂಬುದನ್ನು ವೈದ್ಯರು ತಿಳಿಯಬಲ್ಲರು, ಬಿರುಕು ಬಿಟ್ಟಿದ್ದರೆ ಅಥವಾ ತೂತು ಬೀಳುವಷ್ಟು ಸವೆದಿದ್ದರೆ ಹೊಸದಕ್ಕೆ ಅಳತೆ ತೆಗೆಯುತ್ತಾರೆ.