ಬೆಂಗಳೂರಿನಲ್ಲಿ ಒಂದು ವಾರ, ದಿನಕ್ಕೆ ಒಂದೇ ಜಾಗ: ನನ್ನ ಅನುಭವ

ಊರಿಂದ ಬಂದ ಮಕ್ಕಳಿಗೆ ಬೆಂಗಳೂರು ತೋರಿಸುವ ನನ್ನ ಪ್ರಯತ್ನ ಮೂರನೇ ಸಲಕ್ಕೆ ಕೈಹಿಡಿಯಿತು. ಶಿರಸಿ ಕಡೆಯ 17 ವರ್ಷದ ಹುಡುಗಿ, ನನ್ನ ಪುಟ್ಟ ಗೆಳತಿ, ಏಳು ದಿನ ನಮ್ಮ ಮನೆಯಲ್ಲಿದ್ದು ಬೆಂಗಳೂರು ನೋಡಿ ಹೋದಳು. ಹಗಲು ಒಂದೇ ಜಾಗ, ಸಾಧ್ಯವಾದರೆ ಸಂಜೆ ಒಂದು ಕಾರ್ಯಕ್ರಮ, ಅಷ್ಟೇ ಅಂತ ನಾನು ಹೇಳಿದಾಗ ಮನೆಯವರೇ ನಂಬಿರಲಿಲ್ಲ. ಈ ವಯಸ್ಸಿಗೆ ಮಾಲ್ ಬೇಕು, ಎರಡನೇ ದಿನಕ್ಕೇ ಬೋರ್ ಆಗಿ ಫೋನ್ ಹಿಡಿದು ಕೂರುತ್ತಾಳೆ ಅಂದರು.

ಅವರು ಹಾಗೆ ಹೇಳಿದ್ದಕ್ಕೂ ಕಾರಣ ಇದೆ. ಮೊದಲ ಸಲ ಅಕ್ಕನ ಮಗ ಬಂದಾಗ ಕ್ಯಾಬ್ ಮಾಡಿಕೊಂಡು ದಿನಕ್ಕೆ ನಾಲ್ಕು ಜಾಗ ಸುತ್ತಿಸಿದ್ದೆ. ಕಸ್ತೂರಬಾ ರಸ್ತೆಯ ಎರಡು ಮ್ಯೂಸಿಯಂ, ಊಟ, ಟಿಪ್ಪುವಿನ ಬೇಸಿಗೆ ಅರಮನೆ, ಲಾಲ್‌ಬಾಗ್. ಮೂರನೇ ದಿನ ಅವನು ಒಂದು ಬೆಂಚಿನ ಮೇಲೆ ಕೂತು ಶೂ ಬಿಚ್ಚಿದವನು ಏಳಲೇ ಇಲ್ಲ. ಕ್ಯಾಬಿಗೇ 7,000 ಹತ್ತಿರ, ಒಟ್ಟು 12,000 ದಾಟಿತ್ತು. ಅವನಿಗೆ ನೆನಪಿದ್ದದ್ದು ವಿಶ್ವೇಶ್ವರಯ್ಯ ಮ್ಯೂಸಿಯಂನ ರೈಟ್ ಸಹೋದರರ ವಿಮಾನದ ಮಾದರಿ ಒಂದೇ. ಎರಡನೇ ಸಲ ಇನ್ನೊಬ್ಬಳಿಗೆ ಪಟ್ಟಿ ಬರೆದು ಮೆಟ್ರೋ ಕಾರ್ಡ್ ಕೊಟ್ಟು ಕಳಿಸಿದೆ. ಸಂಜೆ ಮಾಲಿನ ಚೀಲ ಹಿಡಿದು ಬಂದಳು. ಆ ಮಾತು ಬೇಡ ಬಿಡಿ.

ಈ ಸಲ ಕ್ಯಾಬ್ ಮುಟ್ಟಲೇ ಇಲ್ಲ. ಶಕ್ತಿ ಯೋಜನೆಯಲ್ಲಿ ನಮ್ಮಿಬ್ಬರಿಗೂ ಬಸ್ ಫ್ರೀ, ಆಧಾರ್ ತೋರಿಸಿದರೆ ಸಾಕು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಊರು ನೋಡಿದ್ದೂ ಲೆಕ್ಕಕ್ಕೆ ಬಂತು.

ಸೋಮವಾರ ತುಂಬಾ ಜನ ಎಡವುತ್ತಾರೆ. ಪ್ಯಾಲೇಸ್ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಎನ್‌ಜಿಎಂಎಗೆ ಅವತ್ತು ರಜೆ, ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್ ಮ್ಯೂಸಿಯಂಗೂ ರಜೆ. ನಾನು ಅವತ್ತೇ ಬೇಗೂರಿಗೆ ಕರೆದುಕೊಂಡು ಹೋದೆ. ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು 890ರ ಹೊತ್ತಿನ ಶಾಸನ ಇದೆ, ಅದರಲ್ಲಿ ‘ಬೆಂಗುಳೂರ ಕಾಳೆಗ’ ಅಂತ ನಮ್ಮೂರ ಹೆಸರು ಬರುತ್ತದೆ. ಶಾಸನದ ಪಾಠ ಪ್ರಿಂಟ್ ಹಾಕಿಸಿ ಅವಳ ಕೈಗೆ ಕೊಟ್ಟು ಸುಮ್ನೆ ದೂರ ಕೂತೆ. ಕಾಗದ ನೋಡುತ್ತಾಳೆ, ಕಲ್ಲು ನೋಡುತ್ತಾಳೆ, ಮತ್ತೆ ಕಾಗದ. ಅರ್ಧ ಗಂಟೆ ಆಯಿತು. ಆಮೇಲೆ ಕಲ್ಲಿಗೆ ತಾಗದ ಹಾಗೆ ಬೆರಳು ಗಾಳಿಯಲ್ಲೇ ಆಡಿಸುತ್ತಾ "ಅಕ್ಕಾ, ಇದು ‘ರ’ ಅಲ್ವಾ?" ಅಂದಳು. ನಾನೇ ಹೇಳಿಕೊಟ್ಟಿದ್ದರೆ ಐದು ನಿಮಿಷದಲ್ಲಿ ಮುಗಿಯುತ್ತಿತ್ತು.

ಎನ್‌ಜಿಎಂಎನಲ್ಲಿ ಒಂದೇ ಷರತ್ತು: ಎಲ್ಲ ಕೋಣೆ ಒಂದು ಸುತ್ತು ಹಾಕು, ಆಮೇಲೆ ಒಂದೇ ಚಿತ್ರ ಆರಿಸಿ ಅದರ ಮುಂದೆ ಹದಿನೈದು ನಿಮಿಷ ಕೂರು. ಟಿಕೆಟ್ 20 ರೂಪಾಯಿ. ಹೊರಗೆ, ಗ್ಯಾಲರಿ ಇರುವ ಮಾಣಿಕ್ಯವೇಲು ಮ್ಯಾನ್ಷನ್ನಿನ ಮರಗಳ ಕೆಳಗೆ ಒಂದು ಗಂಟೆ ಸುಮ್ಮನೆ ಕೂತೆವು. ಈ ಕೂರುವ ಹೊತ್ತನ್ನು ಯಾರೂ ಪ್ಲಾನಿಗೆ ಹಾಕುವುದಿಲ್ಲ, ನನಗೆ ಅದೇ ಮುಖ್ಯ.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ಫೋಟೋ ಬೇಡ, ದಿನಕ್ಕೆ ಒಂದು ನಿಮಿಷದ ಶಬ್ದ ಮಾತ್ರ ಫೋನಿನಲ್ಲಿ ಹಿಡಿಯಬೇಕು ಅಂದೆ. ಬೆಳಗಿನ ಜಾವದ ಕೆ.ಆರ್. ಮಾರ್ಕೆಟ್ಟಿನ ಹೂವಿನ ಹರಾಜಿನ ಕೂಗು, ಮೆಟ್ರೋ ಬಾಗಿಲು, ಮ್ಯೂಸಿಕ್ ಮ್ಯೂಸಿಯಂನ ತೋಟದಲ್ಲಿ ಅವಳೇ ಬಡಿದ ವಾದ್ಯ. ರಾತ್ರಿ ಊಟಕ್ಕೆ ಕೂತಾಗ ಕೇಳಿಸುತ್ತಿದ್ದಳು. ದಿನಚರಿ ಬರೆಸುವ ಪ್ರಯೋಗ ಮಾತ್ರ ಎರಡೇ ದಿನಕ್ಕೆ ನಿಂತಿತು, ಶಾಲೆಯ ಹೋಂವರ್ಕ್ ಥರ ಆಯಿತು.

ಇನ್ನು ನಾಟಕ. ಮಂಗಳವಾರ ರಂಗಶಂಕರಕ್ಕೆ ಆಟೋದಲ್ಲಿ ಹೊರಟೆವು, ಬನಶಂಕರಿ ಹತ್ತಿರ ಟ್ರಾಫಿಕ್ಕಿಗೆ ಸಿಕ್ಕಿಕೊಂಡು ತಲುಪಿದಾಗ 7:34. ಅಲ್ಲಿ ಏಳೂವರೆ ಅಂದರೆ ಏಳೂವರೆ, ತಡವಾದವರಿಗೆ ಪ್ರವೇಶ ಇಲ್ಲ. ಈ ಶಿಸ್ತು ನನಗೆ ಇಷ್ಟ, ತಪ್ಪು ನನ್ನದೇ. ಟಿಕೆಟ್ಟಿನ 500 ಹೋಯಿತು, ಹುಡುಗಿಯ ಕಣ್ಣಲ್ಲಿ ನೀರು. ಮಾರನೇ ದಿನ ಜಯಪ್ರಕಾಶ ನಗರ ಸ್ಟೇಷನ್‌ವರೆಗೆ ಮೆಟ್ರೋ, ಅಲ್ಲಿಂದ ಚಿಕ್ಕ ಆಟೋ ಪ್ರಯಾಣ, ಆರೂವರೆಗೇ ಅಲ್ಲಿದ್ದೆವು. ರಾತ್ರಿಯಿಡೀ ಯಕ್ಷಗಾನ ನೋಡಿ ಬೆಳೆದ ಹುಡುಗಿ ಅದು. ಮುನ್ನೂರು ಚಿಲ್ಲರೆ ಸೀಟಿನ ಆ ರಂಗಮಂದಿರದಲ್ಲಿ ಮುಂದಿನ ಸಾಲಲ್ಲಿ ಕೂತವಳು, ನಟನ ಬೆವರಿದ ಪಾದದ ಗುರುತು ನೆಲದ ಮೇಲೆ ಮೂಡಿ ನಿಧಾನಕ್ಕೆ ಆರುವುದನ್ನು ನೋಡಿದಳು. ಮನೆಗೆ ಬರುವ ದಾರಿಯಲ್ಲೆಲ್ಲಾ ಅದೇ ಮಾತು: ನಮ್ಮಲ್ಲಿ ಗೆಜ್ಜೆ ಕೇಳುತ್ತದೆ, ಇಲ್ಲಿ ಉಸಿರು ಕೇಳಿತು. ಶುಕ್ರವಾರ ಇನ್ನೊಂದು ನಾಟಕಕ್ಕೆ ಅವಳೇ ನನ್ನನ್ನು ಹೊರಡಿಸಿದಳು. ಯಾವ ನಾಟಕ ಅಂತ ಆರಿಸುವುದಕ್ಕೆ ನನ್ನದೇ ಒಂದು ಲೆಕ್ಕ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಎರಡಕ್ಕೆ ಎರಡೂ ಗೆದ್ದವು ಅಂತ ಮಾತ್ರ ಹೇಳುತ್ತೇನೆ.

ಖರ್ಚು ನೆನಪಿನಿಂದ ಹೇಳುವುದಾದರೆ ಹೀಗೆ: ಹೋದ 500 ಸೇರಿ ನಾಟಕಕ್ಕೆ 1,500, ಮ್ಯೂಸಿಯಂಗಳಿಗೆ ಐನೂರರ ಮೇಲೆ ಸ್ವಲ್ಪ, ಆಟೋ ಮೆಟ್ರೋ 700, ಹೊರಗಿನ ತಿಂಡಿ 600. ಇಬ್ಬರಿಗೂ ಸೇರಿ ಏಳು ದಿನಕ್ಕೆ 3,300 ಆಸುಪಾಸು. ಬಸವನಗುಡಿಯ ವಿಶ್ವ ಸಂಸ್ಕೃತಿ ಸಂಸ್ಥೆಯಲ್ಲಿ ಒಂದು ಸಂಜೆ ಸಂಗೀತ ಕೇಳಿದ್ದು ಪೂರ್ತಿ ಉಚಿತ. 1945ರಿಂದ ಇರುವ ಜಾಗ, ನಮ್ಮವರೇ ಮರೆತಿದ್ದಾರೆ.

ಕೊನೇ ದಿನ ಅವಳದು, ಎಲ್ಲಿಗೆ ಬೇಕಾದರೂ ಹೋಗಬಹುದು ಅಂದಿದ್ದೆ. ಮಾಲ್ ಕೇಳುತ್ತಾಳೆ ಅಂತ ಮನೆಯವರು ಕಾದು ಕೂತಿದ್ದರು. ಅವಳು ಪೆನ್ಸಿಲ್ ತಗೊಂಡು ಬಸ್ ನಂಬರ್ ತಾನೇ ಹುಡುಕಿ ಮತ್ತೆ ಬೇಗೂರಿಗೆ ನಡೆದಳು, ನಾನು ಹಿಂದೆ. ಈಗ ಅವಳ ತಮ್ಮ ಬರುತ್ತಾನಂತೆ, 14 ವರ್ಷ, ಚಿತ್ರ ಗಿತ್ರ ಅವನಿಗೆ ಆಗುವುದಿಲ್ಲವಂತೆ. ರಾಮನವಮಿ ಹೊತ್ತಿಗೆ ಬಾ ಅಂದಿದ್ದೇನೆ, ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದ ಸಂಗೀತ ಕಚೇರಿಗಳಿಂದ ಶುರು ಮಾಡಬೇಕು.