ಕಾರಿನ ಟಚ್‌ಸ್ಕ್ರೀನ್ ಒರೆಸೋಕೆ ಮುಂಚೆ ಇಷ್ಟು ತಿಳ್ಕೊಂಡಿರಿ

ಕಾರಿನ ಸ್ಕ್ರೀನ್ ಆಫ್ ಇದ್ದಾಗ ಅದರ ಮೇಲೆ ಓರೆ ಬಿಸಿಲು ಬಿದ್ರೆ ಮನೆಮಂದಿಯೆಲ್ಲರ ಬೆರಳಚ್ಚೂ ಅಲ್ಲೇ ಕಾಣುತ್ತೆ. ಅದನ್ನ ನೋಡಿ ತಡಿಯೋಕಾಗ್ದೆ ಕೈಗೆ ಸಿಕ್ಕ ಟಿಶ್ಯೂ ತಗೊಂಡು, ಗಾಜು ಒರೆಸೋ ಸ್ಪ್ರೇ ಹೊಡೆದು ಗಸಗಸ ಉಜ್ಜಿಬಿಡೋರೇ ಜಾಸ್ತಿ. ನಿಜ ಹೇಳ್ಬೇಕಂದ್ರೆ ಬೆರಳಚ್ಚಿಂದ ಸ್ಕ್ರೀನ್‌ಗೆ ಏನೂ ಆಗಲ್ಲ, ಹಾಳಾಗೋದು ಈ ಉಜ್ಜಾಟದಿಂದಾನೇ.

ಯಾಕಂದ್ರೆ ತುಂಬಾ ಸ್ಕ್ರೀನ್‌ಗಳ ಮೇಲೆ ತೆಳ್ಳಗೆ ಕೋಟಿಂಗ್ ಇರುತ್ತೆ, ಬಿಸಿಲಿನ ಹೊಳಪು ಕಣ್ಣಿಗೆ ಹೊಡೀಬಾರ್ದು ಅಂತ ಒಂದು, ಬೆರಳಿನ ಜಿಡ್ಡು ಅಂಟಬಾರ್ದು ಅಂತ ಇನ್ನೊಂದು. ಅಮೋನಿಯಾ ಇರೋ ಗ್ಲಾಸ್ ಕ್ಲೀನರ್, ಬ್ಲೀಚ್, ಅಸಿಟೋನ್, ಥಿನ್ನರ್ ಇವೆಲ್ಲ ಆ ಕೋಟಿಂಗನ್ನ ತಿನ್ನುತ್ವೆ. ಮೊದಮೊದಲು ಗೊತ್ತೇ ಆಗಲ್ಲ, ಆಮೇಲೆ ಅಲ್ಲಲ್ಲಿ ಮಬ್ಬು ಮಬ್ಬು ಪ್ಯಾಚ್ ಕಾಣೋಕೆ ಶುರುವಾಗುತ್ತೆ, ಆಗ ಎಷ್ಟು ಒರೆಸಿದ್ರೂ ಹೋಗಲ್ಲ. ಸ್ಯಾನಿಟೈಸರ್ ಹಚ್ಚಿದ ಕೈಯಲ್ಲಿ ತಕ್ಷಣ ಸ್ಕ್ರೀನ್ ಮುಟ್ಟೋದೂ ಒಳ್ಳೇದಲ್ಲ, ಕೈ ಒಣಗಲಿ. ಆಲ್ಕೋಹಾಲ್ ವಿಚಾರದಲ್ಲಿ ಒಂದೊಂದು ಕಂಪನಿ ಒಂದೊಂದು ಹೇಳುತ್ತೆ, ಹಾಗಾಗಿ ನಿಮ್ಮ ಕಾರಿನ ಮ್ಯಾನುಯಲ್ ತೆಗೆದು ನೋಡೋದೇ ವಾಸಿ.

ಸರಿ, ಕೆಲಸ ಶುರು ಮಾಡೋಣ. ಗಾಡಿ ನೆರಳಲ್ಲಿ ನಿಲ್ಸಿ, ಆಫ್ ಮಾಡಿ, ಸ್ಕ್ರೀನ್ ತಣ್ಣಗಾಗೋಕೆ ಬಿಡಿ. ಬಿಸಿ ಸ್ಕ್ರೀನ್ ಮೇಲೆ ನೀರು ಒರೆಸೋಕೆ ಮುಂಚೆನೇ ಆರಿಹೋಗಿ ಗೆರೆ ಗೆರೆ ಉಳಿಯುತ್ತೆ. ಇನ್ನೊಂದು ಲಾಭ ಅಂದ್ರೆ ಕಪ್ಪು ಸ್ಕ್ರೀನ್ ಮೇಲೆ ಕೊಳೆ ಚೆನ್ನಾಗಿ ಕಾಣುತ್ತೆ, ಒರೆಸುವಾಗ ಯಾರಿಗೋ ಕಾಲ್ ಹೋಗೋದೂ ತಪ್ಪುತ್ತೆ. ಸ್ಕ್ರೀನ್ ಆಫ್ ಆಗದ ಗಾಡಿ ಆದ್ರೆ ಸೆಟ್ಟಿಂಗ್ಸಲ್ಲಿ ಹುಡುಕಿ, ಟೆಸ್ಲಾದಲ್ಲಿ ಇರೋ ಹಾಗೆ ಕೆಲವದ್ರಲ್ಲಿ ಕ್ಲೀನ್ ಮಾಡೋಕೇ ಅಂತ ಒಂದು ಮೋಡ್ ಇರುತ್ತೆ.

ಆಮೇಲೆ ಧೂಳು. ಇದನ್ನ ಮಾತ್ರ ಬಿಡಬೇಡಿ, ಏನೇ ಅರ್ಜೆಂಟ್ ಇರ್ಲಿ. ಧೂಳಲ್ಲಿ ಸಣ್ಣ ಮರಳಿನ ಕಣ ಇರುತ್ತೆ, ಅದನ್ನ ತೆಗೀದೇ ಒದ್ದೆ ಬಟ್ಟೆ ಹಾಕಿ ಉಜ್ಜಿದ್ರೆ ಸ್ಯಾಂಡ್‌ಪೇಪರ್ ಹಾಕ್ದಂಗೇ. ಮೆತ್ತನೆ ಬ್ರಶ್ಶಲ್ಲೋ ಒಣ ಮೈಕ್ರೋಫೈಬರ್ ಬಟ್ಟೆಯಲ್ಲೋ ಒತ್ತದೇ, ಮೇಲಿಂದ ಕೆಳಗೆ ಹಗುರವಾಗಿ ತೆಗೀರಿ. ಬಟ್ಟೆ ಅಂಚಲ್ಲಿ ಕಂಪನಿ ಲೇಬಲ್ ಹೊಲಿದಿದ್ರೆ ಕತ್ತರಿಸಿ ಹಾಕಿ, ಅದೂ ಗೀರು ಹಾಕುತ್ತೆ. ಟಿಶ್ಯೂ, ಪೇಪರ್ ಟವಲ್, ಬಾನೆಟ್ ಒರೆಸಿದ ಬಟ್ಟೆ ಇವ್ಯಾವ್ದೂ ಬೇಡ.

ಎಷ್ಟೋ ಸಲ ಇಷ್ಟಕ್ಕೇ ಸ್ಕ್ರೀನ್ ಕ್ಲೀನ್ ಆಗಿರುತ್ತೆ. ಜಿಡ್ಡು ಉಳಿದಿದ್ರೆ ಮಾತ್ರ ನೀರು, ಅದೂ ಡಿಸ್ಟಿಲ್ಡ್ ವಾಟರ್ ಆದ್ರೆ ಒಳ್ಳೇದು, ಗಡಸು ನೀರು ಆರಿದ್ಮೇಲೆ ಬಿಳಿ ಚುಕ್ಕೆ ಬಿಡುತ್ತೆ. ನೀರನ್ನ ಸ್ಕ್ರೀನ್ ಮೇಲೆ ಸ್ಪ್ರೇ ಮಾಡಲೇಬೇಡಿ, ಬಟ್ಟೆ ಮೇಲೆ ಮಾಡಿ. ಸ್ಕ್ರೀನ್ ಮೇಲೆ ಹೊಡೆದ್ರೆ ಹನಿ ಜಾರಿ ಕೆಳಗಿನ ಅಂಚಿನ ಸಂದಿಗೆ ಹೋಗುತ್ತೆ, ಅಲ್ಲಿಂದ ಒಳಗಿರೋ ಸರ್ಕ್ಯೂಟ್‌ಗೆ. ಬಟ್ಟೆ ಹಿಂಡಿದ್ರೆ ಒಂದು ಹನಿನೂ ಬೀಳಬಾರ್ದು, ತೇವ ಅಷ್ಟೇ ಇರ್ಬೇಕು. ನಿಧಾನಕ್ಕೆ ಒಂದೇ ದಿಕ್ಕಲ್ಲಿ ಒರೆಸಿ, ಹಠ ಹಿಡಿದ ಕಲೆ ಇದ್ರೆ ಒತ್ತಿ ಉಜ್ಜೋ ಬದಲು ತೇವದ ಬಟ್ಟೆನ ಅದರ ಮೇಲೆ ಸ್ವಲ್ಪ ಹೊತ್ತು ಇಡಿ, ತಾನೇ ಮೆತ್ತಗಾಗುತ್ತೆ. ಕೊನೆಗೆ ಬಟ್ಟೆಯ ಒಣಗಿರೋ ಇನ್ನೊಂದು ಮಗ್ಗುಲಲ್ಲಿ ಒರೆಸಿ.

ಸ್ಪೀಡೋಮೀಟರ್ ಮೇಲಿನ ಕವರ್ ಸಾಮಾನ್ಯವಾಗಿ ಪ್ಲಾಸ್ಟಿಕ್, ಗಾಜಿಗಿಂತ ಬೇಗ ಗೀರು ಬೀಳುತ್ತೆ, ಅಲ್ಲಿ ಕೈ ಇನ್ನೂ ಹಗುರ ಇರ್ಲಿ. ಗೀರು ಬಿದ್ದಿದ್ರೆ ಟೂತ್‌ಪೇಸ್ಟ್ ಹಚ್ಚೋ ಐಡಿಯಾ ಯಾರಾದ್ರೂ ಕೊಟ್ರೆ ಕೇಳ್ಬೇಡಿ, ಅದರಲ್ಲಿರೋದೇ ಉಜ್ಜೋ ಪುಡಿ.

ಮೈಕ್ರೋಫೈಬರ್ ಬಟ್ಟೆ ಒಗೆಯುವಾಗ ಫ್ಯಾಬ್ರಿಕ್ ಸಾಫ್ಟನರ್ ಹಾಕ್ಬೇಡಿ, ಅದರ ಅಂಶ ಎಳೆಗಳಿಗೆ ಮೆತ್ತಿಕೊಂಡು ಮುಂದಿನ ಸಲ ಸ್ಕ್ರೀನ್ ಮೇಲೆ ಮಬ್ಬು ಬಿಡುತ್ತೆ. ಮತ್ತೆ ಡ್ಯಾಶ್‌ಬೋರ್ಡ್‌ಗೆ ಪಾಲಿಶ್ ಹಾಕೋದಿದ್ರೆ ಅದನ್ನ ಮೊದಲು ಮುಗಿಸಿ, ಅದನ್ನೂ ಬಟ್ಟೆಗೇ ಹಾಕ್ಕೊಂಡು. ಸ್ಪ್ರೇ ಹೊಡೆದ್ರೆ ಹಾರಿದ ಸಿಲಿಕೋನ್ ಎಲ್ಲ ಸ್ಕ್ರೀನ್ ಮೇಲೆ ಬಂದು ಕೂರುತ್ತೆ, ಒರೆಸೋ ಕೆಲಸ ಮತ್ತೆ ಮೊದಲಿಂದ.