ಚೆಂಡು ಕೈಗೆ ಬಂದಾಗ ಕಾಲು ಎಲ್ಲಿತ್ತು? ಟ್ರಾವೆಲಿಂಗ್ ಕಲಿಸಿದ ಅನುಭವ

ಬ್ಯಾಸ್ಕೆಟ್‌ಬಾಲ್‌ಗೆ ಹೊಸದಾಗಿ ಬರುವ ಮಕ್ಕಳಿಗೆ ಜಾಸ್ತಿ ಗೊಂದಲ ಇರುವುದು ಟ್ರಾವೆಲಿಂಗ್, ಅಂದರೆ ಚೆಂಡು ಹಿಡಿದು ನಿಯಮ ಮೀರಿ ಕಾಲು ಸರಿಸುವ ತಪ್ಪಿನ ವಿಷಯದಲ್ಲಿ. ರೆಫರಿ ಸೀಟಿ ಊದಿ ಎರಡೂ ಮುಷ್ಟಿ ಸುತ್ತಿಸಿದರೆ ಸಾಕು, ‘ಎರಡೇ ಹೆಜ್ಜೆ ಇಟ್ಟಿದ್ದು ಸರ್’ ಅಂತ ವಾದ ಶುರು. ಸಂಜೆ ಹೊತ್ತು ನಮ್ಮ ಬಡಾವಣೆಯ ಸಿಮೆಂಟ್ ಕೋರ್ಟಿನಲ್ಲಿ ಮಕ್ಕಳಿಗೆ ಆಟ ಕಲಿಸುತ್ತೇನೆ. ಹೊಸಬರಿಗೆ ಹೆಜ್ಜೆ ಎಣಿಸುವುದನ್ನು ಮೊದಲು ಹೇಳಿಕೊಡುವುದೇ ಇಲ್ಲ. ಒಂದೇ ಪ್ರಶ್ನೆ ಕೇಳುತ್ತೇನೆ: ಚೆಂಡು ನಿನ್ನ ಹಿಡಿತಕ್ಕೆ ಬಂದಾಗ ಯಾವ ಕಾಲು ನೆಲದ ಮೇಲಿತ್ತು?

ಶುರು ಮಾಡುವುದು ನಿಂತ ಆಟಗಾರನಿಂದ. ಎರಡೂ ಕಾಲೂರಿ ಚೆಂಡು ಹಿಡಿದರೆ ಯಾವ ಕಾಲನ್ನಾದರೂ ಪಿವಟ್, ಅಂದರೆ ಜಾಗ ಬಿಡದೆ ಊರಿಕೊಂಡು ತಿರುಗುವ ಕಾಲು, ಮಾಡಿಕೊಳ್ಳಬಹುದು. ಒಂದು ಕಾಲು ಎತ್ತಿದ ಕೂಡಲೇ ಇನ್ನೊಂದು ಪಿವಟ್ ಆಯಿತು. ಆಮೇಲೆ ಬದಲಾಯಿಸುವಂತಿಲ್ಲ. ಸೀಮೆಸುಣ್ಣದಲ್ಲಿ ಪಾದದ ಮುಂಭಾಗದಷ್ಟು ಒಂದು ವೃತ್ತ ಬರೆದು, ಪಿವಟ್ ಕಾಲಿನ ಆ ಭಾಗ ಅದರೊಳಗೇ ಇರಬೇಕು ಅನ್ನುತ್ತೇನೆ. ಹಿಮ್ಮಡಿ ಎತ್ತಬಹುದು, ಸುತ್ತಲೂ ತಿರುಗಬಹುದು. ಇನ್ನೊಂದು ಕಾಲು ಎಷ್ಟು ಸಲ ಎಲ್ಲಿ ಬೇಕಾದರೂ ಇಡಬಹುದು. ಎದುರಾಳಿ ಒಂದು ಮೀಟರ್ ಒಳಗೆ ಬಂದು ಅಡ್ಡಗಟ್ಟಿದರೆ ಮಾತ್ರ 5 ಸೆಕೆಂಡಿನೊಳಗೆ ಪಾಸ್, ಶಾಟ್ ಅಥವಾ ಡ್ರಿಬಲ್ (ಚೆಂಡನ್ನು ನೆಲಕ್ಕೆ ಪುಟಿಸುತ್ತಾ ಸಾಗುವುದು) ಆಗಬೇಕು.

ನಿಜವಾದ ತೊಂದರೆ ಬರುವುದು ಡ್ರಿಬಲ್ ಶುರು ಮಾಡುವಾಗ. ಪಿವಟ್ ಕಾಲು ಮೇಲೇಳುವ ಮೊದಲು ಚೆಂಡು ಕೈ ಬಿಟ್ಟಿರಬೇಕು. ಮಕ್ಕಳು ಅವಸರದಲ್ಲಿ ಕಾಲನ್ನು ಮೊದಲು ಕಿತ್ತುಬಿಡುತ್ತಾರೆ. ನಾನು ಕೋರ್ಟಿನಲ್ಲಿ ನೋಡುವ ಟ್ರಾವೆಲಿಂಗ್‌ಗಳಲ್ಲಿ ಇದೇ ಹೆಚ್ಚು. ಪಾಸ್ ಮತ್ತು ಶಾಟ್‌ಗೆ ನಿಯಮ ಬೇರೆ: ಪಿವಟ್ ಕಾಲಿನಿಂದ ಜಿಗಿಯಬಹುದು, ಆದರೆ ಯಾವುದೇ ಕಾಲು ನೆಲಕ್ಕೆ ಮರಳುವ ಮೊದಲು ಚೆಂಡು ಕೈಯಿಂದ ಹೋಗಿರಬೇಕು. ಈ ಎರಡನ್ನೂ ಒಂದೇ ದಿನ ಕಲಿಸಬೇಡಿ, ಮಕ್ಕಳ ತಲೆಯಲ್ಲಿ ಕಲಸಿಹೋಗುತ್ತದೆ. ನಾನು ಡ್ರಿಬಲ್ ಪಾಠ ಕಾಲಿಗೆ ಕೂತ ಮೇಲೆಯೇ ಶಾಟ್‌ಗೆ ಹೋಗುವುದು.

ಇನ್ನು ಓಡುತ್ತಿರುವವನ ಕಥೆ. 1891ರಲ್ಲಿ ಈ ಆಟ ಹುಟ್ಟುಹಾಕಿದ ಜೇಮ್ಸ್ ನೈಸ್ಮಿತ್ ಬರೆದ 13 ನಿಯಮಗಳಲ್ಲಿ, ಚೆಂಡನ್ನು ಹಿಡಿದ ಜಾಗದಿಂದಲೇ ಎಸೆಯಬೇಕಿತ್ತು. ಆಗಲೂ ಓಡುತ್ತಾ ಹಿಡಿದು ನಿಲ್ಲಲು ನೋಡುವವನಿಗೆ ರಿಯಾಯಿತಿ ಇತ್ತು. ವೇಗದಲ್ಲಿರುವ ದೇಹ ತಟ್ಟನೆ ನಿಲ್ಲುವುದಿಲ್ಲ, ಅಲ್ವಾ? ಇವತ್ತು ಓಡುತ್ತಾ ಹಿಡಿದವನಿಗೆ ಎರಡು ಹೆಜ್ಜೆ ಬಿಡುವುದಕ್ಕೂ ಇದೇ ಕಾರಣ. ಇದನ್ನು ಹೇಳಿದ ಮೇಲೆ ಮಕ್ಕಳಿಗೆ ನಿಯಮ ಸುಮ್ನೆ ಹೇರಿದ್ದು ಅನ್ನಿಸುವುದಿಲ್ಲ.

ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಫೀಬಾ 2017ರ ಅಕ್ಟೋಬರ್‌ನಿಂದ ಇದನ್ನು ಇನ್ನಷ್ಟು ಸ್ಪಷ್ಟ ಮಾಡಿತು. ಓಡುತ್ತಾ ಚೆಂಡು ಹಿಡಿಯುವಾಗ ಅಥವಾ ಡ್ರಿಬಲ್ ಮುಗಿಸುವಾಗ ನೆಲದ ಮೇಲಿರುವ ಕಾಲು ಲೆಕ್ಕಕ್ಕಿಲ್ಲ. ಅದು ಝೀರೋ. ಅದಾದ ಮೇಲೆ ನೆಲಕ್ಕೆ ತಾಗುವುದು ಒಂದು, ನಂತರದ್ದು ಎರಡು. ಹಳೆಯ ಆಟಗಾರರು ಪಕ್ಕದಿಂದ ‘ಮೂರು ಹೆಜ್ಜೆ!’ ಅಂತ ಕೂಗುವುದು ಇದನ್ನು ಗಮನಿಸದೆ. ಇನ್ನೊಂದು ಮಾತು: ಪಾಸ್ ಹಿಡಿದು ಓಡುತ್ತಲೇ ಡ್ರಿಬಲ್‌ಗೆ ಹೋಗುವುದಾದರೆ ಎರಡನೇ ಹೆಜ್ಜೆಗೆ ಮುಂಚೆಯೇ ಚೆಂಡು ಕೈ ಬಿಡಬೇಕು.

ಲೇಅಪ್ (ಓಡಿಬಂದು ಬುಟ್ಟಿಯ ಹತ್ತಿರದಿಂದ ಜಿಗಿದು ಹಾಕುವ ಶಾಟ್) ಅಭ್ಯಾಸದಲ್ಲಿ ‘ಝೀರೋ, ಒಂದು, ಎರಡು’ ಅಂತ ಗಟ್ಟಿಯಾಗಿ ಹೇಳಿಸುತ್ತೇನೆ. ಬೇಗ ಹಿಡಿದವರಿಗೆ ಹೆಜ್ಜೆ ಬೇಗ ಮುಗಿಯುತ್ತದೆ. ಹಿಡಿತ ಅಂದರೆ ಎರಡೂ ಕೈ ಚೆಂಡಿನ ಮೇಲೆ ಬಂದಾಗ, ಇಲ್ಲವೇ ಒಂದೇ ಕೈಯಲ್ಲಿ ಚೆಂಡು ನಿಂತಾಗ. ಅನುಮಾನ ಬಂದರೆ ಮೊಬೈಲಿನಲ್ಲಿ ನಿಧಾನ ಚಲನೆಯ ವಿಡಿಯೊ ತೆಗೆದು ತೋರಿಸುತ್ತೇನೆ. ಮೊದಲು ಕೈ ನೋಡಬೇಕು, ಆಮೇಲೆ ಕಾಲು. ಬರೀ ಕಾಲನ್ನೇ ನೋಡಿದರೆ ಎಲ್ಲವೂ ಟ್ರಾವೆಲಿಂಗ್ ಅನ್ನಿಸುತ್ತದೆ!

ಜಂಪ್ ಸ್ಟಾಪ್ ಅನ್ನು ಕೊನೆಗೆ ಇಟ್ಟುಕೊಳ್ಳಿ. ಗಾಳಿಯಲ್ಲಿ ಹಿಡಿದು ಎರಡೂ ಕಾಲಲ್ಲಿ ಒಟ್ಟಿಗೆ ಇಳಿದರೆ ಯಾವ ಕಾಲಾದರೂ ಪಿವಟ್. ಮೊದಲ ಹೆಜ್ಜೆ ಒಂದು ಕಾಲಲ್ಲಿಟ್ಟು, ಅಲ್ಲಿಂದ ಜಿಗಿದು ಎರಡೂ ಕಾಲಲ್ಲಿ ಇಳಿದರೆ ಪಿವಟ್ ಇಲ್ಲವೇ ಇಲ್ಲ. ಶಾಟ್ ಅಥವಾ ಪಾಸ್ ಮಾತ್ರ. ದೊಡ್ಡ ಹುಡುಗರೂ ಇಲ್ಲಿ ಎಡವುತ್ತಾರೆ, ಅದಕ್ಕೇ ಇಳಿದ ತಕ್ಷಣ ‘ಮೇಲಕ್ಕೆ!’ ಅಂತ ಕೂಗುತ್ತೇನೆ. ಅವರು ನೇರ ಶಾಟ್‌ಗೆ ಏಳುವುದನ್ನು ರೂಢಿ ಮಾಡಿಕೊಳ್ಳುತ್ತಾರೆ.